ಹೊತ್ತಿಸಿಕೊಂಡು ಬಾ

ಮಂಜೇಶ್ವರದಿಂದ ಕಾಸರಗೋಡಿನವರೆಗೆ ನಮ್ಮ ಪ್ರಾಯದ ಅನೇಕರ ಬಾಲ್ಯಕ್ಕೆ ಹೊಗೆಸೊಪ್ಪಿನ ವಾಸನೆಯಿದೆ. ನಮ್ಮ ಮನೆಯ ಜಗಲಿಯಲ್ಲಿ ಅಮ್ಮನೂ ಅಕ್ಕನೂ ಮೊರವನ್ನು ಮಡಿಲಲ್ಲಿರಿಸಿಕೊಂಡು ಬೀಡಿ ಕಟ್ಟುತ್ತಿದ್ದರು. ನೆನೆಸಿದ ಎಲೆಯನ್ನು ಅಳತೆಗೆ ಕತ್ತರಿಸಿ, ಹುಡಿ ತುಂಬಿ, ಸುರುಳಿ ಸುತ್ತಿ, ನೂಲು ಬಿಗಿಯುವುದು ಅವರ ಕೆಲಸ; ಬಾಯಿ ಮಡಚುವುದು, 25ರ ಕಟ್ಟುಗಳನ್ನು ಎಣಿಸಿಡುವುದು ಮಕ್ಕಳಾದ ನಮ್ಮ ಪಾಲು. ಸಾವಿರದ ಲೆಕ್ಕದಲ್ಲಿ ಬರುತ್ತಿದ್ದ ಆ ಮಜೂರಿಯಿಂದಲೇ ನಮ್ಮ ಪುಸ್ತಕ, ಕೊಡೆ, ಅಕ್ಕನ ಮದುವೆಯ ಸೀರೆ ಬಂದವು. ಆದುದರಿಂದ ಬೀಡಿಯನ್ನು ಬೈಯಲು ಹೊರಟಾಗಲೆಲ್ಲ ನಮ್ಮ ನಾಲಗೆ ಒಂದು ಕ್ಷಣ ತಡೆಯುತ್ತದೆ. ಉಪ್ಪಿನ ಋಣವೆಂಬುದು ಸಣ್ಣದಲ್ಲ.

ಕಟ್ಟಿದವರು ಹೆಂಗಸರು, ಸೇದಿದವರು ಗಂಡಸರು. ಜಗಲಿಯ ಮೂಲೆಯಲ್ಲಿ ಕುಳಿತ ಅಜ್ಜ ಒಂದು ಬೀಡಿಯನ್ನು ನಮ್ಮಣ್ಣನ ಕೈಗಿತ್ತು, "ಒಲೆಯಲ್ಲಿ ಹೊತ್ತಿಸಿಕೊಂಡು ಬಾ" ಎನ್ನುತ್ತಿದ್ದರು. ಬೀಡಿ ಬೇಗ ಆರುವ ವಸ್ತು. ಅಡುಗೆಮನೆಯಿಂದ ಜಗಲಿಗೆ ಬರುವಷ್ಟರಲ್ಲಿ ಆರದಿರಬೇಕಾದರೆ ದಾರಿಯಲ್ಲಿ ಒಮ್ಮೆಯಾದರೂ ಎಳೆಯಬೇಕು. ಅಣ್ಣನ ಮೊದಲ ದಮ್ಮು ಹಾಗೆ ಬಂದುದು, ಎಂಟರ ಪ್ರಾಯದಲ್ಲಿ, ಹಿರಿಯರ ಮಾತು ಮೀರದ ಒಳ್ಳೆಯ ಹುಡುಗನಾಗಿ. ನಾವು ಉಳಿದವರು ಸೇದದೆ ಉಳಿದುದು ವಿವೇಕದಿಂದಲ್ಲ. ನಮ್ಮನ್ನು ಯಾರೂ ಒಲೆಯ ಬಳಿಗೆ ಕಳುಹಿಸಲಿಲ್ಲ, ಅಷ್ಟೆ.

ಹದಿನೈದರಲ್ಲಿ ಅಣ್ಣ ಹಟ್ಟಿಯ ಹಿಂದೆ ಸಿಕ್ಕಿಬಿದ್ದನು. ಅಪ್ಪ ಬಾಯಲ್ಲಿದ್ದ ಬೀಡಿಯನ್ನು ತೆಗೆದಿರಿಸಿ ಹೊಡೆದರು. "ಮೀಸೆ ಮೂಡುವ ಮೊದಲೇ ಬೀಡಿಯೋ?" ಎಂಬುದು ಅವರ ಪ್ರಶ್ನೆ. ಎದೆಯ ಮಾತಿಲ್ಲ, ಕೆಮ್ಮಿನ ಮಾತಿಲ್ಲ. ರಾತ್ರಿಯಿಡೀ ಕೆಮ್ಮುತ್ತಿದ್ದ ಅಜ್ಜ ಅಲ್ಲೇ ಇದ್ದರು. ಹೊಗೆಸೊಪ್ಪಿನ ಹುಡಿಗೆ ಅಮ್ಮನೂ ಕೆಮ್ಮುತ್ತಿದ್ದಳು. ಅದನ್ನು ಯಾರೂ ಬೀಡಿಗೆ ಜೋಡಿಸಿ ಹೇಳಲಿಲ್ಲ. ಹಿರಿಯರೆದುರು ಸೇದಬಾರದೆಂಬ ನಮ್ಮ ಮರ್ಯಾದೆಯೂ ಮಕ್ಕಳಿಗೆ ಇದನ್ನೇ ಕಲಿಸಿತು: ಬೀಡಿ ಕೆಟ್ಟುದಲ್ಲ, ದೊಡ್ಡವರ ಹಕ್ಕು. ಅಣ್ಣ ಮೀಸೆಗಾಗಿ ಕಾದನು.

1999ರಲ್ಲಿ ಕೇರಳ ಹೈಕೋರ್ಟು ಸಾರ್ವಜನಿಕ ಸ್ಥಳಗಳಲ್ಲಿ ಧೂಮಪಾನ ಕೂಡದೆಂದಿತು. 2003ರ ಕೇಂದ್ರ ಕಾನೂನು 18ರೊಳಗಿನವರಿಗೆ ತಂಬಾಕು ಮಾರುವುದನ್ನು ನಿಷೇಧಿಸಿತು. ಬಸ್ಸುನಿಲ್ದಾಣದಲ್ಲಿ ಹೊಗೆ ಕಡಿಮೆಯಾಯಿತು, ನಿಜ. ಜಗಲಿಯ ಮೇಲೆ ಯಾವ ಪೊಲೀಸನು ಬಂದಾನು? ನಾವೇನೂ ಸಾಚಾಗಳಲ್ಲ. ನೆಂಟರು ಬಂದಾಗ ಸಿಗರೇಟು ತರಲು ಹತ್ತರ ಮಗನನ್ನೇ ಗೂಡಂಗಡಿಗೆ ಓಡಿಸಿದ್ದೇವೆ. ಅಂಗಡಿಯವನು ಕೊಟ್ಟನು, ಚಿಲ್ಲರೆಯಲ್ಲಿ ಮಗನಿಗೊಂದು ಮಿಠಾಯಿಯೂ ಬಂತು. ಇಂದು ಅದನ್ನು ನೆನೆದರೆ ನಾಚಿಕೆಯಾಗುತ್ತದೆ.

ಅಣ್ಣನಿಗೀಗ ಅರುವತ್ತು ದಾಟಿದೆ. ಮುಪ್ಪಿನ ಅಮ್ಮನೆದುರು ಅವನು ಇಂದಿಗೂ ಸೇದುವುದಿಲ್ಲ; ಹಟ್ಟಿಯ ಹಿಂದಕ್ಕೇ ಹೋಗುತ್ತಾನೆ. ಕಳೆದ ದೀಪಾವಳಿಗೆ ನಾವೆಲ್ಲ ಅಲ್ಲಿ ಸೇರಿದ್ದೆವು. ಅವನು ಕಿಸೆ ತಡಕುವುದನ್ನು ಕಂಡ ಏಳರ ಮೊಮ್ಮಗ, "ಅಜ್ಜ, ಬೆಂಕಿಪೊಟ್ಟಣ ತರಲೋ?" ಎಂದು ಅಡುಗೆಮನೆಯತ್ತ ಓಡಿದನು. ಅಣ್ಣ ಅವನ ತೋಳು ಹಿಡಿದು ನಿಲ್ಲಿಸಿದನು. ಬಹಳ ಹೊತ್ತು ಏನೂ ಹೇಳಲಿಲ್ಲ. ಆಮೇಲೆ, "ಬೇಡ ಮಗ, ಇದರಿಂದಲೇ ನನಗೆ ಮೆಟ್ಟಲು ಹತ್ತಲಾಗುವುದಿಲ್ಲ" ಎಂದನು. ನಮ್ಮ ಮನೆಯಲ್ಲಿ ಈ ಮಾತನ್ನು ಒಬ್ಬ ಹಿರಿಯನ ಬಾಯಿಂದ ಕೇಳಿದುದು ಅದೇ ಮೊದಲು.

ಅನಂತರ ತಾನೇ ಎದ್ದು, ಒಲೆಯ ಬಳಿಗೆ ಹೋದನು.