ಆರು ಪುಸ್ತಕಗಳು, ಒಬ್ಬ ಝಾಪಾ

ಜೀವನಚರಿತ್ರೆಗಳನ್ನು ಓದುವ ಹವ್ಯಾಸವುಳ್ಳವರಿಗೆಲ್ಲ ಒಂದು ಸಂಗತಿ ಅನುಭವಕ್ಕೆ ಬಂದಿರುತ್ತದೆ. ಸಜ್ಜನರ ಚರಿತ್ರೆ ಬರೆಯುವುದು ಸುಲಭ. ದುರ್ಜನರದ್ದು ಇನ್ನೂ ಸುಲಭ. ಕಷ್ಟವಾಗುವುದು ಯಾವ ಚೌಕಟ್ಟಿಗೂ ಒಗ್ಗದವರ ಚರಿತ್ರೆ. ಅಂಥವರ ಬಗ್ಗೆ ಬರೆಯಹೊರಟವರಿಗೆ ಮೊದಲು ಸಿಗುವುದು ಅವರ ವಿಚಿತ್ರ ನಡವಳಿಕೆಯ ಕಥೆಗಳು. ಅವನ್ನು ಒಂದಾದ ಮೇಲೊಂದರಂತೆ ಪೋಣಿಸಿದರೂ ಇನ್ನೂರು ಪುಟ ತುಂಬುತ್ತದೆ. ಆದರೆ ಪುಸ್ತಕ ಮುಚ್ಚಿಟ್ಟ ಮೇಲೆ, ಆ ಮನುಷ್ಯ ನಿಜವಾಗಿ ದುಡಿದದ್ದು ಹೇಗೆ, ಆ ದುಡಿಮೆಗಾಗಿ ಯಾರು ಯಾರು ಏನನ್ನು ತೆತ್ತರು ಎಂಬ ಎರಡು ಪ್ರಶ್ನೆಗಳಿಗೆ ಉತ್ತರ ಸಿಕ್ಕಿರುವುದಿಲ್ಲ.

ಈ ಮಾತನ್ನು ಅಮೆರಿಕದ ರಾಕ್ ಸಂಗೀತಗಾರ ಫ್ರಾಂಕ್ ಝಾಪಾನ ನಿದರ್ಶನದಿಂದ ವಿವರಿಸಬೇಕೆಂದಿದ್ದೇನೆ. ನಮ್ಮ ಮೇಷ್ಟ್ರಿಗೂ ರಾಕ್ ಸಂಗೀತಕ್ಕೂ ಏನು ಸಂಬಂಧ ಎಂದು ಹಳೆಯ ವಿದ್ಯಾರ್ಥಿಗಳು ಹುಬ್ಬೇರಿಸಬಹುದು. ನಿವೃತ್ತನಾದ ಮೇಲೆ ಕ್ಯಾಲಿಫೋರ್ನಿಯಾದಲ್ಲಿರುವ ಮಗಳ ಮನೆಯಲ್ಲಿ ಆರು ತಿಂಗಳು ಇದ್ದೆ. ಅಳಿಯನ ಕಪಾಟಿನಲ್ಲಿ ಈತನ ಧ್ವನಿಮುದ್ರಿಕೆಗಳೂ ಎರಡು ಮೂರು ಪುಸ್ತಕಗಳೂ ಇದ್ದವು. ಉಳಿದವನ್ನು ಊರಿನ ಗ್ರಂಥಾಲಯದಿಂದ ತಂದು ಓದಿದೆ. ಕಡೆಯ ಪುಸ್ತಕವನ್ನು ನಾನು ಊರಿಗೆ ಮರಳಿದ ಮೇಲೆ ಮಗಳು ಕಳುಹಿಸಿಕೊಟ್ಟಳು. ಕರ್ನಾಟಕ ಸಂಗೀತ ಕೇಳಿ ಬೆಳೆದ ಕಿವಿಗೆ ಆ ಸಂಗೀತ ಕೂಡಲೇ ಹಿಡಿಸಿತೆಂದು ಹೇಳಲಾರೆ. ಕೆಲವು ಹಾಡುಗಳನ್ನಂತೂ ಮನೆಮಂದಿಯೆಲ್ಲ ಕೂತಿರುವಾಗ ಹಾಕುವಂತಿಲ್ಲ. ಆದರೂ ಆ ಮನುಷ್ಯ ಬಿಡಲಿಲ್ಲ. ಅವನಿಗಿಂತ ಹೆಚ್ಚಾಗಿ ಅವನ ಚರಿತ್ರೆ ಬರೆದವರು ಬಿಡಲಿಲ್ಲ.

ಪರಿಚಯವಿಲ್ಲದವರಿಗಾಗಿ ನಾಲ್ಕು ಮಾತು. ಝಾಪಾ ಹುಟ್ಟಿದ್ದು 1940ರ ಡಿಸೆಂಬರ್ 21ರಂದು, ಬಾಲ್ಟಿಮೋರ್ ನಗರದಲ್ಲಿ. ತಂದೆ ಸಿಸಿಲಿಯಿಂದ ವಲಸೆ ಬಂದವರು. ‘ಮದರ್ಸ್ ಆಫ್ ಇನ್ವೆನ್ಷನ್’ ಎಂಬ ತಂಡ ಕಟ್ಟಿ 1966ರಲ್ಲಿ ‘ಫ್ರೀಕ್ ಔಟ್’ ಎಂಬ ಮೊದಲ ಧ್ವನಿಮುದ್ರಿಕೆ ಹೊರತಂದ. ಬದುಕಿದ್ದಾಗಲೇ ಅರವತ್ತಕ್ಕೂ ಹೆಚ್ಚು ಧ್ವನಿಮುದ್ರಿಕೆಗಳನ್ನು ಪ್ರಕಟಿಸಿದ. ಉದ್ದ ಕೂದಲು, ವಿಲಕ್ಷಣ ಮೀಸೆ, ಹುಚ್ಚಾಟದ ವೇದಿಕೆ ಕಂಡವರು ಈತ ಮಾದಕವಸ್ತುಗಳಲ್ಲಿ ಮುಳುಗಿದವನೆಂದು ತಿಳಿದರು. ನಿಜದಲ್ಲಿ ಆತ ಅವುಗಳಿಂದ ದೂರವಿದ್ದ; ತಂಡದವರಿಗೂ ನಿಷೇಧಿಸಿದ್ದ. ಅವನಿಗಿದ್ದ ಚಟ ಕಾಫಿ ಮತ್ತು ಸಿಗರೇಟು. 1985ರಲ್ಲಿ ಅಮೆರಿಕದ ಸೆನೆಟ್ ಸಮಿತಿಯ ಮುಂದೆ ಕೋಟು ಟೈ ಧರಿಸಿ ಕುಳಿತು, ಧ್ವನಿಮುದ್ರಿಕೆಗಳಿಗೆ ಎಚ್ಚರಿಕೆಯ ಚೀಟಿ ಅಂಟಿಸುವ ಪ್ರಸ್ತಾಪವನ್ನು ವಿರೋಧಿಸಿದ. 1993ರ ಡಿಸೆಂಬರ್ 4ರಂದು, ಐವತ್ಮೂರು ತುಂಬುವ ಮೊದಲೇ, ಪ್ರಾಸ್ಟೇಟ್ ಕ್ಯಾನ್ಸರಿನಿಂದ ತೀರಿಕೊಂಡ.

ಜೀವನಚರಿತ್ರೆಯ ಮೊದಲ ಪರೀಕ್ಷೆ ಸಂಗತಿಗಳದು. ಝಾಪಾ ತನ್ನ ಹೆಸರು ತಂದೆಯಂತೆಯೇ ‘ಫ್ರಾನ್ಸಿಸ್’ ಎಂದು ಬಹುಕಾಲ ನಂಬಿದ್ದ. ದೊಡ್ಡವನಾದ ಮೇಲೆ ಜನನ ಪ್ರಮಾಣಪತ್ರ ನೋಡಿದರೆ ಅದರಲ್ಲಿ ‘ಫ್ರಾಂಕ್’ ಎಂದೇ ಇತ್ತು! ತನ್ನ ಹೆಸರಿನ ವಿಷಯದಲ್ಲೇ ಮನುಷ್ಯನ ತಿಳಿವಳಿಕೆ ಹೀಗಿರಬಹುದಾದರೆ, ಆತ ಹೇಳಿದ್ದನ್ನೆಲ್ಲ ಹಾಗೆ ಹಾಗೆಯೇ ಬರೆದುಕೊಳ್ಳುವ ಚರಿತ್ರೆಕಾರನ ಗತಿಯೇನು? ದಾಖಲೆ ಪುಸ್ತಕ ತೆರೆದು ನೋಡದೆ ಯಾರ ಜನ್ಮದಿನಾಂಕವನ್ನೂ ಬರೆಯಬೇಡಿ ಎಂದು ಶಾಲೆಯ ಕಚೇರಿಯಲ್ಲಿ ನಮಗೆ ಹೇಳುತ್ತಿದ್ದ ಮಾತು ಇಲ್ಲಿಯೂ ಸಲ್ಲುತ್ತದೆ.

ಝಾಪಾನ ವಿಷಯದಲ್ಲಿ ಈ ತೊಡಕು ಇನ್ನೂ ಹೆಚ್ಚು. ಏಕೆಂದರೆ ಆತ ಬಹಳ ಚೆನ್ನಾಗಿ ಮಾತನಾಡುತ್ತಿದ್ದ. ಡೇವಿಡ್ ವಾಲಿ ಎಂಬವರು 1972ರಲ್ಲೇ ಅವನ ಮೊದಲ ಜೀವನಚರಿತ್ರೆ ಪ್ರಕಟಿಸಿದರು. ಆಗ ಅವನಿಗೆ ಇನ್ನೂ ಮೂವತ್ತೊಂದು. ಮುಂದೆ ಬೇರೆ ಬೇರೆ ಪುಸ್ತಕಗಳು ಬಂದವು. ಅವುಗಳಿಂದ ಬೇಸತ್ತು 1989ರಲ್ಲಿ ಪೀಟರ್ ಒಕಿಯೊಗ್ರಾಸೊ ಅವರ ಜೊತೆ ಸೇರಿ ತನ್ನ ಪುಸ್ತಕವನ್ನು ತಾನೇ ಬರೆದ. ಅದು ಓದಲು ಬಲು ಸೊಗಸು. ಬಾಲ್ಯದಲ್ಲಿ ತಂದೆ ರಾಸಾಯನಿಕ ಅಸ್ತ್ರಗಳ ಕೇಂದ್ರವೊಂದರಲ್ಲಿ ಕೆಲಸಕ್ಕಿದ್ದುದು, ವಿಷಾನಿಲ ಸೋರಿದರೆಂದು ಮನೆಯಲ್ಲಿ ಎಲ್ಲರಿಗೂ ಒಂದೊಂದು ಅನಿಲ ಮುಖವಾಡ ತೂಗುಹಾಕಿದ್ದುದು, ಹದಿನೈದನೆಯ ಹುಟ್ಟುಹಬ್ಬಕ್ಕೆ ತಾಯಿ ಕೊಟ್ಟ ಐದು ಡಾಲರಿನಲ್ಲಿ ನ್ಯೂಯಾರ್ಕಿಗೆ ದೂರವಾಣಿ ಮಾಡಿ ತನ್ನ ಆರಾಧ್ಯ ಸಂಗೀತ ಸಂಯೋಜಕ ಎಡ್ಗಾರ್ ವರೇಸ್ ಅವರ ಜೊತೆ ಮಾತನಾಡಲು ಯತ್ನಿಸಿದ್ದು, ಅವರು ಊರಲ್ಲಿಲ್ಲದೆ ಪತ್ನಿಯ ಜೊತೆ ಮಾತನಾಡಿದ್ದು, ಎಲ್ಲವೂ ಅಲ್ಲಿವೆ. ಆದರೆ ಆತ್ಮಕಥೆ ಎಷ್ಟೇ ಚೆನ್ನಾಗಿದ್ದರೂ ಅದು ಒಬ್ಬನ ಸಾಕ್ಷ್ಯ. ನ್ಯಾಯಾಧೀಶನೂ ತಾನೇ ಎಂಬಂತೆ ಸಾಕ್ಷಿ ಹೇಳುವವನ ಮಾತನ್ನು ಎಚ್ಚರದಿಂದಲೇ ಕೇಳಬೇಕು.

ಎರಡನೆಯ ಪರೀಕ್ಷೆ ದುಡಿಮೆಯದು. 1971ರ ಡಿಸೆಂಬರ್ 4ರಂದು ಸ್ವಿಟ್ಜರ್ಲೆಂಡಿನ ಮಾಂಟ್ರೋ ಎಂಬಲ್ಲಿ ಝಾಪಾನ ಕಛೇರಿ ನಡೆಯುತ್ತಿದ್ದಾಗ ಸಭಾಂಗಣಕ್ಕೆ ಬೆಂಕಿ ಬಿದ್ದು ತಂಡದ ವಾದ್ಯಗಳೆಲ್ಲ ಸುಟ್ಟವು. ‘ಡೀಪ್ ಪರ್ಪಲ್’ ತಂಡದ ಪ್ರಸಿದ್ಧ ಗೀತೆ ಹುಟ್ಟಿದ್ದು ಆ ಹೊಗೆಯಿಂದಲೇ. ಅದಾಗಿ ಆರೇ ದಿನಕ್ಕೆ, ಡಿಸೆಂಬರ್ 10ರಂದು, ಲಂಡನ್ನಿನ ರೇನ್‌ಬೋ ರಂಗಮಂದಿರದಲ್ಲಿ ಪ್ರೇಕ್ಷಕನೊಬ್ಬ ಅವನನ್ನು ವೇದಿಕೆಯಿಂದ ಕೆಳಕ್ಕೆ ನೂಕಿದ. ತಲೆ, ಬೆನ್ನು, ಕಾಲು, ಗಂಟಲು ಎಲ್ಲಕ್ಕೂ ಪೆಟ್ಟು. ಧ್ವನಿಯೇ ಶಾಶ್ವತವಾಗಿ ತಗ್ಗಿಹೋಯಿತು. ಇಂಥ ಪ್ರಸಂಗ ಸಿಕ್ಕಿದರೆ ಯಾವ ಲೇಖಕ ತಾನೆ ಬಿಟ್ಟಾನು? ಆದರೆ ನಾನು ಹುಡುಕುವುದು ಅದರ ಮುಂದಿನ ಪುಟವನ್ನು. ಗಾಲಿಕುರ್ಚಿಯಲ್ಲಿದ್ದ ತಿಂಗಳುಗಳಲ್ಲಿ ಝಾಪಾ ದೊಡ್ಡ ವಾದ್ಯವೃಂದಕ್ಕಾಗಿ ಸಂಗೀತ ಬರೆದ. 1972ರಲ್ಲಿ ಎರಡು ಧ್ವನಿಮುದ್ರಿಕೆಗಳು ಅದರಿಂದ ಹೊರಬಂದವು. ಬಿದ್ದ ಕಥೆಗೆ ಹತ್ತು ಪುಟ, ಬರೆದ ಸಂಗೀತಕ್ಕೆ ಹತ್ತು ಸಾಲು ಕೊಡುವ ಪುಸ್ತಕಕ್ಕೆ ನನ್ನ ಅಂಕ ಕಡಿಮೆ.

ಸಂಗೀತವನ್ನು ಬರೆಹದಲ್ಲಿ ತೋರಿಸುವುದು ಕಷ್ಟವೆಂಬ ಸಮಾಧಾನ ಸಲ್ಲದು. ‘ಬ್ಲ್ಯಾಕ್ ಪೇಜ್’ ಎಂಬ ಅವನ ತಾಳವಾದ್ಯದ ರಚನೆಯೊಂದಿದೆ. ಸ್ವರಲಿಪಿಯ ಚಿಹ್ನೆಗಳು ಎಷ್ಟು ದಟ್ಟವಾಗಿವೆಯೆಂದರೆ ಹಾಳೆ ಕಪ್ಪಾಗಿ ಕಾಣುತ್ತದೆ. ಹೆಸರು ಬಂದದ್ದು ಹಾಗೆ. ತನಿ ಆವರ್ತನ ಕೇಳಿದ ನಮ್ಮವರಿಗೆ ಇದನ್ನು ತಿಳಿಸುವುದು ಸುಲಭ: ತಾಳ ತನ್ನ ಪಾಡಿಗೆ ಸಾಗುತ್ತಿರುವಾಗ ಅದರೊಳಗೆ ಮೂರು, ಐದು, ಏಳು ಅಕ್ಷರಗಳ ಬೇರೆ ಬೇರೆ ನಡೆಗಳನ್ನು ಕೂಡಿಸಿದಂತೆ. ಈ ಹೋಲಿಕೆ ತೀರ ದೂರದ್ದೂ ಅಲ್ಲ. ನಮ್ಮ ಬೆಂಗಳೂರಿನಲ್ಲಿ ನೆಲೆಸಿರುವ ಪಿಟೀಲು ವಿದ್ವಾಂಸ ಎಲ್. ಸುಬ್ರಹ್ಮಣ್ಯಂ ಅವರ ಸಹೋದರ ಎಲ್. ಶಂಕರ್ 1978ರಲ್ಲಿ ಝಾಪಾನ ವೇದಿಕೆಯಲ್ಲಿ ನುಡಿಸಿದ್ದರು. 1979ರಲ್ಲಿ ಬಂದ ಶಂಕರ್ ಅವರ ಧ್ವನಿಮುದ್ರಿಕೆಯೊಂದನ್ನು ನಿರ್ಮಿಸಿದವನು ಝಾಪಾನೇ.

ಅಧ್ಯಾಪಕನಾದ ನನಗೆ ಅವನ ಪುಸ್ತಕದಲ್ಲಿ ಅತ್ಯಂತ ಇಷ್ಟವಾದದ್ದು ಇಬ್ಬರು ಸಂಗೀತ ಶಿಕ್ಷಕರ ನೆನಪು. ಸ್ಯಾನ್ ಡಿಯೇಗೋದ ಪ್ರೌಢಶಾಲೆಯಲ್ಲಿ ಕಾವೆಲ್‌ಮನ್ ಎಂಬವರ ಬಳಿಗೆ ಹುಡುಗ ಒಂದು ಹಾಡಿನ ತಟ್ಟೆ ಹಿಡಿದುಕೊಂಡು ಹೋಗಿ, ಇದು ನನಗೇಕೆ ಇಷ್ಟು ಇಷ್ಟ ಎಂದು ಕೇಳಿದನಂತೆ. ಅವರು ನಗಲಿಲ್ಲ, ಗದರಲಿಲ್ಲ. ಕೇಳಿ ನೋಡಿ, ಅದರಲ್ಲಿನ ಸ್ವರಾಂತರಗಳ ಹೊಂದಿಕೆಯನ್ನು ಎರಡೇ ಪದಗಳಲ್ಲಿ ಹೆಸರಿಸಿದರು. ಲಾಂಕ್ಯಾಸ್ಟರಿನ ಶಾಲೆಯಲ್ಲಿ ಬಲ್ಲಾರ್ಡ್ ಎಂಬವರು ಅವನಿಗೆ ಕಪ್ಪುಹಲಗೆಯ ಮೇಲೆ ಸಂಗೀತ ಬರೆಯಲು ಬಿಟ್ಟು, ಶಾಲೆಯ ವಾದ್ಯವೃಂದದಿಂದ ಅದನ್ನು ನುಡಿಸಿದರು. ಸಮವಸ್ತ್ರದಲ್ಲಿ ಸಿಗರೇಟು ಸೇದಿದ್ದಕ್ಕೆ ಅವನನ್ನು ಕವಾಯತು ಬ್ಯಾಂಡಿನಿಂದ ಹೊರಹಾಕಿದವರೂ ಅವರೇ. ಝಾಪಾ ಎರಡಕ್ಕೂ ಕೃತಜ್ಞತೆ ಹೇಳಿದ್ದಾನೆ! ಮುಖವಾಡ ತೂಗುಹಾಕಿದ್ದ ಆ ಬಡಾವಣೆಯಲ್ಲಿ ಎಷ್ಟೋ ಮಕ್ಕಳು ಬೆಳೆದರು. ಅವರೆಲ್ಲ ಝಾಪಾ ಆಗಲಿಲ್ಲ. ಬಾಲ್ಯದ ಒಂದು ವಿಚಿತ್ರದಿಂದಲೇ ಇಡೀ ಬದುಕನ್ನು ವಿವರಿಸುವ ಚರಿತ್ರೆಗಳು, ಪ್ರಶ್ನೆಗೆ ಉತ್ತರ ಕೊಟ್ಟ ಇಂಥ ಗಳಿಗೆಗಳನ್ನು ಸಾಮಾನ್ಯವಾಗಿ ದಾಟಿಬಿಡುತ್ತವೆ.

ಪಾಂಡಿತ್ಯವೂ ಕೆಲವೊಮ್ಮೆ ಹೀಗೆಯೇ ದಾಟಿಬಿಡುತ್ತದೆ. ಬೆನ್ ವಾಟ್ಸನ್ ಅವರ ದಪ್ಪ ಪುಸ್ತಕ 1990ರ ದಶಕದಲ್ಲಿ ಬಂತು. ಜರ್ಮನ್ ತತ್ತ್ವಜ್ಞಾನಿ ಅಡೋರ್ನೊ ಅವರ ವಿಚಾರಗಳಿಂದ ಹಿಡಿದು ಶೇಕ್ಸ್‌ಪಿಯರನ ಕಿಂಗ್ ಲಿಯರ್ ನಾಟಕದವರೆಗೆ ಎಲ್ಲವನ್ನೂ ಝಾಪಾನ ಹಾಡುಗಳಿಗೆ ಜೋಡಿಸುತ್ತಾರೆ. ಓದುವಾಗ ಬುದ್ಧಿಗೆ ಕಚಗುಳಿಯಾಗುತ್ತದೆ. ಆದರೆ ಆ ಜೋಡಣೆಗಳಲ್ಲಿ ಝಾಪಾನದೆಷ್ಟು, ವಾಟ್ಸನ್ ಅವರದೆಷ್ಟು ಎಂದು ಬೇರ್ಪಡಿಸಲು ನನ್ನಿಂದಾಗಲಿಲ್ಲ. ಒಂದು ಉಪಕಾರವನ್ನು ಮಾತ್ರ ಮರೆಯಬಾರದು: ಆ ಪುಸ್ತಕ ಓದಿದವರು ಹಾಡುಗಳನ್ನು ಮತ್ತೆ ಕೇಳಿಯೇ ಕೇಳುತ್ತಾರೆ.

ಇನ್ನು ಮೂರನೆಯ ಪರೀಕ್ಷೆ, ಬೆಲೆ ತೆತ್ತವರದು. 1969ರಲ್ಲಿ ಝಾಪಾ ಮೂಲ ತಂಡವನ್ನು ವಿಸರ್ಜಿಸಿದ. ಸಂಬಳ ಕೊಡುತ್ತಿದ್ದವನು ಅವನು. ನಷ್ಟವಾಗುತ್ತಿತ್ತು ಎಂಬುದು ಅವನ ವಾದ. ವರ್ಷಗಟ್ಟಲೆ ಜೊತೆಗೆ ದುಡಿದವರಿಗೆ ಅದು ಕೈಬಿಟ್ಟಂತೆ ತೋರಿತು. ಅವರಲ್ಲಿ ಕೆಲವರು 1980ರ ದಶಕದಲ್ಲಿ ಗೌರವಧನದ ಹಣಕ್ಕಾಗಿ ನ್ಯಾಯಾಲಯಕ್ಕೂ ಹೋದರು. ಅದೇ ದಶಕದಲ್ಲಿ ಝಾಪಾ 1968ರ ಧ್ವನಿಮುದ್ರಿಕೆಯೊಂದನ್ನು ಮರುಪ್ರಕಟಿಸುವಾಗ ಹಳೆಯವರು ನುಡಿಸಿದ್ದ ಬಾಸ್ ಗಿಟಾರನ್ನೂ ಡ್ರಮ್ಮನ್ನೂ ತೆಗೆದು ಹೊಸಬರಿಂದ ನುಡಿಸಿ ಸೇರಿಸಿದ. 1995ರ ಆವೃತ್ತಿಯಲ್ಲಿ ಹಳೆಯದು ಮರಳಿತು. ಅಷ್ಟರಲ್ಲಿ ಝಾಪಾ ಬದುಕಿರಲಿಲ್ಲ. ತಂಡದವರ ದುಡಿಮೆಯನ್ನು ಟೇಪಿನಿಂದಲೇ ಅಳಿಸಬಲ್ಲವನ ಚರಿತ್ರೆಯಲ್ಲಿ ಆ ತಂಡದವರಿಗೆ ಬಾಯಿ ಇರಬೇಡವೇ?

ಈ ದೃಷ್ಟಿಯಿಂದ ಬ್ಯಾರಿ ಮೈಲ್ಸ್ ಅವರ 2004ರ ಜೀವನಚರಿತ್ರೆ ನನಗೆ ಹಿಡಿಸಿತು. ಮೈಲ್ಸ್ 1960ರ ದಶಕದ ಲಂಡನ್ನಿನ ಹೊಸ ಸಂಸ್ಕೃತಿಯ ನಡುವೆಯೇ ಇದ್ದವರು. ಅವರಿಗೆ ಝಾಪಾನ ಮೇಲೆ ಮೆಚ್ಚುಗೆಯಿದೆ, ಮೋಹವಿಲ್ಲ. 1965ರಲ್ಲಿ ಮಾರುವೇಷದ ಪೊಲೀಸನೊಬ್ಬ ನೂರು ಡಾಲರಿನ ಆಮಿಷ ಒಡ್ಡಿ ಅಶ್ಲೀಲ ಧ್ವನಿಸುರುಳಿ ಮಾಡಿಸಿ ಅವನನ್ನು ಹತ್ತು ದಿನ ಜೈಲಿಗೆ ಕಳುಹಿಸಿದ ಪ್ರಸಂಗಕ್ಕೆ ಅವರು ತಕ್ಕ ತೂಕ ಕೊಡುತ್ತಾರೆ. ಅವನ ನಿರ್ಭಾವುಕತೆಯನ್ನೂ ಮರೆಮಾಚುವುದಿಲ್ಲ. ಸಂಗೀತದ ಒಳಗೆ ಇಳಿಯುವಲ್ಲಿ ಮಾತ್ರ ಅವರ ಹೆಜ್ಜೆ ಹಿಂಜರಿಯುತ್ತದೆ. 2011ರಲ್ಲಿ ಬಂದ ಪಾಲಿನ್ ಬುಚರ್ ಅವರ ನೆನಪುಗಳಲ್ಲಿ ಬೇರೊಂದು ಗುಣವಿದೆ. 1967ರಲ್ಲಿ ಲಂಡನ್ನಿನ ಹೋಟೆಲೊಂದಕ್ಕೆ ಹಾಡುಗಳ ಸಾಹಿತ್ಯ ಬೆರಳಚ್ಚಿಸಲು ಹೋದ ಇಂಗ್ಲಿಷ್ ಹುಡುಗಿ ಮರುವರ್ಷ ಲಾಸ್ ಏಂಜಲೀಸಿಗೆ ಹೋಗಿ ಅವನ ಕಾರ್ಯದರ್ಶಿಯಾದವರು ಅವರು. ಬೆರಳಚ್ಚಿನ ಮೇಜಿನಿಂದ ಕಾಣುವ ಮನೆಯೇ ಬೇರೆ.

ಆದರೆ ನನ್ನನ್ನು ಬಹುವಾಗಿ ಕಲಕಿದ್ದು ಮಗಳು ಮೂನ್ ಝಾಪಾ 2024ರಲ್ಲಿ ಬರೆದ ಪುಸ್ತಕ. 1982ರಲ್ಲಿ ತಂದೆ ಮಗಳು ಸೇರಿ ಮಾಡಿದ ‘ವ್ಯಾಲಿ ಗರ್ಲ್’ ಹಾಡು ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯಲ್ಲಿ 32ನೆಯ ಸ್ಥಾನಕ್ಕೇರಿತು. ಅಲ್ಲಿ ಅವನ ಯಾವ ಹಾಡೂ ಅದಕ್ಕಿಂತ ಮೇಲೆ ಹೋಗಲಿಲ್ಲ. ಹಾಡು ಹುಟ್ಟಿದ್ದು ಹೇಗೆ? ಮನೆಯಲ್ಲೇ ಇದ್ದ ಧ್ವನಿಮುದ್ರಣ ಕೊಠಡಿಯ ಬಾಗಿಲಿನ ಕೆಳಗಿನಿಂದ ಹದಿಮೂರರ ಹುಡುಗಿ ಒಂದು ಚೀಟಿ ತೂರಿಸಿದಳು. ಅದರಲ್ಲಿ ತನ್ನ ಹೆಸರು, ವಯಸ್ಸು ಹೇಳಿ ಪರಿಚಯಿಸಿಕೊಂಡು, ನಿಮ್ಮೊಡನೆ ಕೆಲಸ ಮಾಡುವ ಆಸೆಯೆಂದು ಬರೆದಿದ್ದಳು. ಇದನ್ನು ತಮಾಷೆಯ ಕಥೆಯಾಗಿ ಹೇಳುವುದು ವಾಡಿಕೆ. ಸ್ವಂತ ತಂದೆಗೆ ಮಗಳು ಅರ್ಜಿಯ ಮೂಲಕ ಪರಿಚಯಿಸಿಕೊಳ್ಳಬೇಕಾದ ಮನೆ ಅದು ಎಂದು ನೋಡಿದರೆ ನಗು ನಿಂತುಹೋಗುತ್ತದೆ. ಬಾಗಿಲ ಆ ಬದಿಯಲ್ಲಿ ಅರವತ್ತು ಧ್ವನಿಮುದ್ರಿಕೆಗಳಿಗೆ ಬೇಕಾದ ಏಕಾಂತ. ಈ ಬದಿಯಲ್ಲಿ ಒಂದು ಮಗು. ಎರಡೂ ನಿಜ. ಜೀವನಚರಿತ್ರೆಕಾರನ ಪೆನ್ನು ಆ ಹೊಸ್ತಿಲ ಮೇಲೆ ನಿಲ್ಲಬಲ್ಲದೇ ಎಂಬುದೇ ಕಡೆಯ ಪರೀಕ್ಷೆ.

ಇದನ್ನು ಈಗ ಬರೆಯಲು ಒಂದು ಕಾರಣವಿದೆ. ತೀರಿಕೊಂಡ ನನ್ನ ಸಹೋದ್ಯೋಗಿಯೊಬ್ಬರ ಸಂಸ್ಮರಣ ಗ್ರಂಥಕ್ಕೆ ಲೇಖನ ಬರೆದುಕೊಡಬೇಕಾಗಿದೆ. ಹೆಸರು ಬೇಡ. ನಾಟಕ, ಹಾಡು, ಶಾಲೆಯ ತೋಟ ಎಂದು ಊರಿನ ಮಕ್ಕಳಿಗಾಗಿ ಜೀವ ತೇದವರು. ರಾತ್ರಿ ಹನ್ನೊಂದಕ್ಕೂ ಶಾಲೆಯ ಜಗಲಿಯಲ್ಲೇ ಇರುತ್ತಿದ್ದರು. ಮೊನ್ನೆ ಅವರ ಮಗಳು ಸಿಕ್ಕಿದಾಗ, “ಮೇಷ್ಟ್ರೇ, ಎಲ್ಲರೂ ಅಪ್ಪ ಶಾಲೆಯಲ್ಲಿ ಏನು ಮಾಡಿದರು ಅಂತಲೇ ಬರೀತಿದ್ದಾರೆ. ಆ ಹೊತ್ತಿನಲ್ಲಿ ಅಮ್ಮ ಏನು ಮಾಡ್ತಿದ್ದಳು ಅಂತ ನೀವಾದರೂ ಎರಡು ಸಾಲು ಬರೀರಿ” ಎಂದಳು. ಸಂಪಾದಕರು ಮಾತ್ರ, ಮನೆಯ ವಿಷಯ ಬೇಡ, ಗೌರವಕ್ಕೆ ಕುಂದು ಎಂದಿದ್ದಾರೆ.

ನಾನು ಆ ಎರಡು ಸಾಲನ್ನು ಬರೆಯುತ್ತೇನೆ. ದೂರಿನಂತೆಯೂ ಅಲ್ಲ, ಬಹಿರಂಗಪಡಿಸುವ ಚಪಲಕ್ಕೂ ಅಲ್ಲ. ಮೂವತ್ತು ವರ್ಷ ಅನ್ನ ಮುಚ್ಚಿಟ್ಟುಕೊಂಡು ಕಾದ ಆ ತಾಯಿಯ ಪಾಲು ಆ ನಾಟಕಗಳಲ್ಲಿಯೂ ಆ ತೋಟದಲ್ಲಿಯೂ ಇದೆ. ಅದನ್ನು ಬಿಟ್ಟರೆ ಅವರ ದುಡಿಮೆಯ ಲೆಕ್ಕವೇ ತಪ್ಪುತ್ತದೆ. ಸಂಪಾದಕರು ತೆಗೆದುಹಾಕಿದರೆ ಪೂರ್ಣ ಲೇಖನವನ್ನು ಇಲ್ಲಿಯೇ ಪ್ರಕಟಿಸುತ್ತೇನೆ. ಅವರ ಕೈಯಲ್ಲಿ ಕಲಿತ ನಿಮ್ಮಲ್ಲಿ ಯಾರಿಗಾದರೂ ಆ ಮನೆಯ ಬಾಗಿಲಲ್ಲಿ ಒಂದು ಲೋಟ ಮಜ್ಜಿಗೆ ಕುಡಿದ ನೆನಪಿದ್ದರೆ ನನಗೆ ಬರೆದು ತಿಳಿಸಿ. ಸೇರಿಸಿಕೊಳ್ಳುತ್ತೇನೆ.