ಗುಯ್ ಎನ್ನದ ಕಾರು

ನಮ್ಮ ತಾತ ಘಾಟಿ ಸುಬ್ರಹ್ಮಣ್ಯದ ದನದ ಜಾತ್ರೆಯಲ್ಲಿ ಒಂದು ಸಲ ಮೋಸಹೋಗಿದ್ದರು. ಹಲ್ಲು ಎಣಿಸಿ, ಸುಳಿ ನೋಡಿ, ದಲ್ಲಾಳಿಯ ಜೊತೆ ಟವೆಲ್ಲಿನ ಅಡಿಯಲ್ಲಿ ಬೆರಳು ಹಿಡಿದು ವ್ಯಾಪಾರ ಕುದುರಿಸಿ ತಂದ ಹಳ್ಳಿಕಾರ್ ಜೋಡಿಯಲ್ಲಿ ಒಂದು ಎತ್ತು ನೊಗ ಕಂಡರೆ ಮಲಗಿಬಿಡುತ್ತಿತ್ತು. ಮುಂದಿನ ವರ್ಷ ಜಾತ್ರೆಯಲ್ಲಿ ಅದೇ ದಲ್ಲಾಳಿಯನ್ನು ಹಿಡಿದು ಕೇಳಿದರೆ, "ಎತ್ತು ಸರಿಯಾಗೇ ಐತೆ ಗೌಡ್ರೇ, ನೀವು ಹೂಡೋದು ಸರಿಯಿಲ್ಲ" ಅಂದನಂತೆ. ತಾತ ಇದನ್ನು ಕೊನೆಯವರೆಗೂ ಹೇಳಿಕೊಂಡು ನಗುತ್ತಿದ್ದರು. ಆ ನಗು ಬರಲಿಕ್ಕೆ ಎಷ್ಟು ವರ್ಷ ಹಿಡಿಯಿತು ಅಂತ ನಾನು ಕೇಳಿರಲಿಲ್ಲ.

ಕೇಳಬೇಕಿತ್ತು ಅನ್ನಿಸಿದ್ದು ಎಂಟು ತಿಂಗಳ ಹಿಂದೆ, ನೆಲಮಂಗಲದ ಟೋಲ್ ದಾಟಿದ ಮೇಲೆ ನಮ್ಮ ಕಾರು ರಸ್ತೆ ಮಧ್ಯದಲ್ಲಿ ನಿಂತಾಗ. ಇಂಜಿನ್ ಓಡುತ್ತಿದೆ, ಎ.ಸಿ. ತಣ್ಣಗೆ ಬೀಸುತ್ತಿದೆ, ಗೇರ್ ಮಾತ್ರ ಬೀಳುತ್ತಿಲ್ಲ. ಹಿಂದಿನ ಲಾರಿಯವನ ಹಾರ್ನಿಗೆ ನನ್ನ ಪಕ್ಕದಲ್ಲಿದ್ದಾಕೆ ಕಿಟಕಿಯಿಂದ ಕೈ ಮುಗಿದಳು.

ಸೆಕೆಂಡ್ ಹ್ಯಾಂಡ್ ಕಾರು. 4,35,000 ರೂಪಾಯಿ. ತೆಗೆದುಕೊಂಡು ಮೂರು ತಿಂಗಳಾಗಿತ್ತು. ಶೋರೂಮಿನ ಹುಡುಗ ಟೈ ಕಟ್ಟಿಕೊಂಡು, ನೂರೈವತ್ತು ಕಡೆ ಚೆಕ್ ಮಾಡಿದ್ದೀವಿ ಸರ್, ಇಂಜಿನ್ನು ಗೇರ್‌ಬಾಕ್ಸಿಗೆ ಒಂದು ವರ್ಷ ವಾರಂಟಿ, ಕಣ್ಣು ಮುಚ್ಚಿಕೊಂಡು ಓಡಿಸಿ ಅಂದಿದ್ದ. ಕಣ್ಣು ಮುಚ್ಚಿಕೊಂಡೇ ಸಹಿ ಹಾಕಿದ್ದೆ. ಹನ್ನೆರಡು ಪುಟದ ವಾರಂಟಿ ಪುಸ್ತಕ ಕೈಗೆ ಬಂದದ್ದು ದುಡ್ಡು ಕೊಟ್ಟ ಮೇಲೆ, ಬೀಗದ ಕೈ, ಸಿಹಿ ಡಬ್ಬಿ, ಒಂದು ಗುಲಾಬಿ ಹೂವಿನ ಜೊತೆಗೆ.

ಕಾರು ಎ.ಎಂ.ಟಿ. ಆಟೋಮ್ಯಾಟಿಕ್ ಅಂತ ಕರೆಯುತ್ತೇವೆ ಅಷ್ಟೆ. ಒಳಗೆ ಇರುವುದು ಮಾಮೂಲಿ ಗೇರ್‌ಬಾಕ್ಸು, ಮಾಮೂಲಿ ಕ್ಲಚ್ಚು. ನಮ್ಮ ಎಡಗಾಲು, ಎಡಗೈ ಮಾಡುತ್ತಿದ್ದ ಕೆಲಸವನ್ನು ಆಕ್ಚುಯೇಟರ್ ಅನ್ನುವ ಪುಟ್ಟ ಯಂತ್ರ ಎಣ್ಣೆಯ ಒತ್ತಡದಿಂದ ಮಾಡುತ್ತದೆ. ಆ ಒತ್ತಡ ಹುಟ್ಟಿಸಲಿಕ್ಕೆ ಒಂದು ಪಂಪು. ನಮ್ಮ ಕಾರಿನಲ್ಲಿ ಡ್ರೈವರ್ ಬಾಗಿಲು ತೆಗೆದ ಕೂಡಲೇ ಅದು "ಗುಯ್" ಅಂತ ಓಡಿ ನಿಲ್ಲುತ್ತಿತ್ತು. ಮೊದಲ ದಿನ ಆ ಸದ್ದು ಕೇಳಿ ಏನೋ ಕೆಟ್ಟಿದೆ ಅಂದುಕೊಂಡು ಶೋರೂಮಿಗೆ ಫೋನ್ ಮಾಡಿದ್ದೆ. ಸದ್ದು ಬಂದರೇನೇ ಒಳ್ಳೆಯದು ಸರ್ ಅಂದಿದ್ದರು. ಅವರು ನನಗೆ ಹೇಳಿದ ಪೂರ್ತಿ ನಿಜ ಅದೊಂದೇ.

ಟೋಯಿಂಗಿಗೆ 3,500 ಕೊಟ್ಟು ಕಂಪನಿಯ ಸರ್ವಿಸ್ ಸೆಂಟರಿಗೆ ಹಾಕಿದೆವು. ಅಂದಾಜು 52,000. ಶೋರೂಮಿನ ವಾರಂಟಿ ವಿಭಾಗದಿಂದ ಮರುದಿನವೇ ಫೋನು.

"ಸರ್, ನಿಮ್ಮ ಕ್ಲೇಮ್ ರಿಜೆಕ್ಟ್ ಆಗಿದೆ. ಕ್ಲಚ್ ವೇರ್ ಅಂಡ್ ಟೇರ್‌ನಲ್ಲಿ ಬರುತ್ತೆ."

"ಕ್ಲಚ್ ಹೋಗಿದೆ ಅಂತ ಯಾರು ನೋಡಿದರು?"

"ಸಿಸ್ಟಮ್ಮಲ್ಲಿ ಹಾಗೇ ತೋರಿಸ್ತಿದೆ ಸರ್. ಟ್ರಾಫಿಕ್ಕಲ್ಲಿ ಓಡಿಸುವ ರೀತಿಯಿಂದಲೂ ಹಾಗಾಗುತ್ತೆ."

ನೀವು ಹೂಡೋದು ಸರಿಯಿಲ್ಲ. ದಲ್ಲಾಳಿ ಮೊಮ್ಮಗನನ್ನು ಶೋರೂಮಿಗೆ ಸೇರಿಸಿದ್ದಾನೆ!

ನಾನಾಗಿದ್ದರೆ ನಾಲ್ಕು ಮಾತು ಬೈದು, ರಕ್ತದೊತ್ತಡ ಏರಿಸಿಕೊಂಡು, ಕೊನೆಗೆ ದುಡ್ಡು ಕಟ್ಟಿ ಬರುತ್ತಿದ್ದೆ. ಆದರೆ ಆರ್.ಸಿ. ಇರುವುದು ನಮ್ಮಾಕೆಯ ಹೆಸರಿನಲ್ಲಿ. ಹಾಗಾಗಿ ಗ್ರಾಹಕಿ ಅವಳು, ನಾನು ಬರೀ ಡ್ರೈವರ್. ಅವಳು ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡಿದವಳು. ವಿಭಕ್ತಿ ತಪ್ಪಿದರೆ ಅರ್ಧ ಅಂಕ ಕಳೆದು ಗೊತ್ತೇ ಹೊರತು, ತಪ್ಪು ಯಾವುದು ಅಂತ ಗುರುತು ಹಾಕದೆ ಕಳೆದು ಗೊತ್ತಿಲ್ಲ. ಅವತ್ತು ರಾತ್ರಿ ಊಟದ ಮೇಜಿನ ಮೇಲೆ ವಾರಂಟಿ ಪುಸ್ತಕ ಹರಡಿಕೊಂಡು ಪೆನ್ಸಿಲ್ ಹಿಡಿದು ಕೂತಳು. ನಾಲ್ಕನೇ ಪುಟದಲ್ಲಿ ಗೇರ್‌ಬಾಕ್ಸಿಗೆ ವಾರಂಟಿ ಇದೆ. ಒಂಬತ್ತನೇ ಪುಟದಲ್ಲಿ, ಇರುವೆ ಸಾಲಿನಂಥ ಅಕ್ಷರದಲ್ಲಿ, ಯಾವುದಕ್ಕೆ ಇಲ್ಲ ಅನ್ನುವ ಪಟ್ಟಿ: ಬ್ರೇಕ್ ಪ್ಯಾಡು, ವೈಪರ್ರು, ಬ್ಯಾಟರಿ, ಟೈರು, ಕ್ಲಚ್ ಪ್ಲೇಟು. ಆಕ್ಚುಯೇಟರ್ ಇಲ್ಲೂ ಇಲ್ಲ, ಅಲ್ಲೂ ಇಲ್ಲ.

"ರೀ, ಪಟ್ಟಿ ಬರೆದವರು ಅವರು. ಬಿಟ್ಟುಹೋಗಿದ್ದರೆ ಆ ತಪ್ಪು ಬರೆದವರದು, ಓದಿದವರದಲ್ಲ" ಅಂದಳು.

ಇದು ಮೇಷ್ಟ್ರ ತರ್ಕ ಅಂದುಕೊಂಡಿದ್ದೆ. ಆಮೇಲೆ ಗೊತ್ತಾಯಿತು, ನ್ಯಾಯಾಲಯಗಳೂ ವಿಮೆಯ ಕೇಸುಗಳಲ್ಲಿ ಇದನ್ನೇ ಹೇಳುತ್ತವೆ: ಕರಾರಿನ ಮಾತು ಎರಡರ್ಥಕ್ಕೆ ಎಡೆಮಾಡಿದರೆ, ಬರೆದವನ ವಿರುದ್ಧವಾಗಿ ಓದಬೇಕು.

ಮರುದಿನ ಸರ್ವಿಸ್ ಸೆಂಟರಿಗೆ ಹೋದೆವು. ಮೆಕ್ಯಾನಿಕ್ ಇಪ್ಪತ್ತೈದರ ಹುಡುಗ, ಉಗುರಿನ ಸಂದಿಯಲ್ಲೆಲ್ಲ ಗ್ರೀಸು. ನಮ್ಮಾಕೆ ಕೇಳಿದಳು, "ಏನಪ್ಪಾ, ಕ್ಲಚ್ ಬಿಚ್ಚಿ ನೋಡಿದ್ಯಾ?"

"ಇಲ್ಲ ಮೇಡಂ. ಅದಕ್ಕೆ ಗೇರ್‌ಬಾಕ್ಸ್ ಇಳಿಸ್ಬೇಕು. ಅಲ್ಲೀವರೆಗೆ ಹೋಗೋ ಅಗತ್ಯನೇ ಇಲ್ಲ, ಇಲ್ನೋಡಿ." ಅವನು ಡ್ರೈವರ್ ಬಾಗಿಲು ತೆಗೆದ. ಮೂವರೂ ಉಸಿರು ಹಿಡಿದು ಕಿವಿಗೊಟ್ಟೆವು. ಸದ್ದಿಲ್ಲ. ಮುಚ್ಚಿ ಮತ್ತೆ ತೆಗೆದ. ಇಲ್ಲ. ಪಂಪಿನ ತಂತಿಗೆ ಮೀಟರ್ ಹಿಡಿದು ತೋರಿಸಿದ: ಕರೆಂಟು ಬರುತ್ತಿದೆ, ಮೋಟಾರು ತಿರುಗುತ್ತಿಲ್ಲ.

"ಇಷ್ಟನ್ನೇ ಜಾಬ್ ಕಾರ್ಡಿನಲ್ಲಿ ಬರೆದುಕೊಡು."

ಹುಡುಗ ತಲೆ ಕೆರೆದುಕೊಂಡ. ಬಾಯಲ್ಲಿ ನೂರು ಸಲ ಹೇಳಿಯಾನು, ಬರೆಯುವುದು ಅಂದರೆ ಸೂಪರ್‌ವೈಸರನ್ನು ಕೇಳಬೇಕು. ಸೂಪರ್‌ವೈಸರ್ ಊಟಕ್ಕೆ ಹೋಗಿದ್ದರು. ನಾವು ಪ್ಲಾಸ್ಟಿಕ್ ಕುರ್ಚಿಯಲ್ಲಿ ಒಂದೂಮುಕ್ಕಾಲು ಗಂಟೆ ಕೂತೆವು. ಅವಳು ಚೀಲದಿಂದ ಚಕ್ಕುಲಿ ತೆಗೆದು ಹುಡುಗನಿಗೂ ಎರಡು ಕೊಟ್ಟಳು. ಕೊನೆಗೆ ಒಂದೇ ಸಾಲು ಸಿಕ್ಕಿತು: ಪಂಪ್ ಮೋಟಾರ್ ಕೆಲಸ ಮಾಡುತ್ತಿಲ್ಲ, ಕ್ಲಚ್ ಬಿಚ್ಚಿಲ್ಲ. ಕೆಳಗೆ ಸಹಿ, ಸೀಲು, ತಾರೀಖು. ಬಿಚ್ಚದ ಕ್ಲಚ್ಚು ಸವೆದಿದೆ ಅಂತ ಆ ಸಿಸ್ಟಮ್ಮು ಯಾವ ಅಂಜನ ಹಾಕಿ ನೋಡಿತೋ!

ಇನ್ನು ಶೋರೂಮಿನ ನಿರಾಕರಣೆಯೂ ಬರವಣಿಗೆಯಲ್ಲಿ ಬೇಕಿತ್ತು. ಫೋನಿನಲ್ಲಿ ಸಕ್ಕರೆಯಂತೆ ಮಾತಾಡುತ್ತಿದ್ದವರು, ಇದನ್ನೇ ಮೇಲ್ ಮಾಡಿ ಅಂದ ತಕ್ಷಣ ಮೀಟಿಂಗಿನಲ್ಲಿ ಇರತೊಡಗಿದರು. ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟು, ಅದರ ಸಂಖ್ಯೆಯನ್ನು ಶೋರೂಮಿಗೆ ಕಳಿಸಿದ ಮೇಲೆ ಎರಡು ಸಾಲಿನ ಮೇಲ್ ಬಂತು.

ಆಮೇಲೆ ನೋಟೀಸು. ರಿಜಿಸ್ಟರ್ಡ್ ಪೋಸ್ಟಿನ ಬಗ್ಗೆ ನನಗೊಂದು ಭಕ್ತಿ ಇತ್ತು. ಅದು 2025ರಲ್ಲೇ ಸ್ಪೀಡ್ ಪೋಸ್ಟಿನಲ್ಲಿ ಲೀನವಾಗಿದೆ ಅಂತ ಅಂಚೆ ಕಚೇರಿಯ ಕೌಂಟರಿನಲ್ಲಿ ಹೇಳಿದರು. ಇರಲಿ, ಸ್ಪೀಡ್ ಪೋಸ್ಟಿಗೂ ರಸೀದಿ ಇದೆ. ನೋಟೀಸಿನಲ್ಲಿ ಬೈಗುಳ ಒಂದೂ ಇಲ್ಲ. ನಾನು ಸೇರಿಸಿದ್ದ ಎರಡನ್ನು ಅವಳು ಹೊಡೆದುಹಾಕಿದ್ದಳು. ನಾಲ್ಕನೇ ಪುಟ, ಒಂಬತ್ತನೇ ಪುಟ, ಜಾಬ್ ಕಾರ್ಡು, ಅವರದೇ ಮೇಲ್, ಹದಿನೈದು ದಿನದ ಗಡುವು. ಕೊನೆಯ ಪ್ಯಾರಾದಲ್ಲಿ, ತಪ್ಪಿದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಜಿಲ್ಲಾ ಆಯೋಗಕ್ಕೆ ಹೋಗುತ್ತೇವೆ ಅಂತ. ಹೋಗುವುದು ಕಷ್ಟವೂ ಅಲ್ಲ. ಕೊಟ್ಟ ಬೆಲೆ ಐದು ಲಕ್ಷದೊಳಗಿದ್ದರೆ ಶುಲ್ಕವೇ ಇಲ್ಲ, ವಕೀಲರನ್ನು ಇಟ್ಟುಕೊಳ್ಳಲೇಬೇಕೆಂದಿಲ್ಲ, ಆನ್‌ಲೈನಿನಲ್ಲೇ ದೂರು ಹಾಕಬಹುದು. ಹಿಂದಿನ 1986ರ ಕಾಯ್ದೆಯಲ್ಲಿ ಮಾರಿದವನ ಊರು ಹುಡುಕಿಕೊಂಡು ಹೋಗಬೇಕಾಗಿ ಬರುತ್ತಿತ್ತು. ಈಗ ದೂರುದಾರರು ಇರುವ ಊರಿನ ಆಯೋಗದಲ್ಲೇ ಆಗುತ್ತದೆ.

ಹದಿಮೂರನೇ ದಿನ ಫೋನು, ಈ ಸಲ ಮ್ಯಾನೇಜರೇ. "ಮೇಡಂ, ಕಸ್ಟಮರ್ ನಮಗೆ ದೇವರ ಸಮಾನ. ಪಾರ್ಟ್ಸಿನ ಖರ್ಚು ಪೂರ್ತಿ ನಮ್ಮದು. ಲೇಬರ್, ಟೋಯಿಂಗ್ ನಿಮ್ಮದು."

"ಬರೆದು ಕಳಿಸಿ" ಅಂದಳು ದೇವರು.

ಕಳಿಸಿದರು. ಕಾಗದದ ತುದಿಯಲ್ಲಿ ಒಂದು ಸಾಲು: ಇದು ಪೂರ್ಣ ಮತ್ತು ಅಂತಿಮ ಇತ್ಯರ್ಥ, ಮುಂದೆ ಯಾವ ತಕರಾರೂ ಇಲ್ಲ. ನಾನು ಪೆನ್ನು ತೆಗೆದಿದ್ದೆ. ಕಾರಿಲ್ಲದೆ ಹೆಚ್ಚುಕಡಿಮೆ ಒಂದು ತಿಂಗಳು, ಸಾಕಾಗಿತ್ತು. ಅವಳು ಪೆನ್ನು ಕಸಿದುಕೊಂಡು ಆ ಸಾಲಿನ ಮೇಲೆ ಗೀಟು ಎಳೆದು, ಪಕ್ಕದಲ್ಲಿ ಸಣ್ಣ ಸಹಿ ಹಾಕಿ, ಕೆಳಗೆ ದೊಡ್ಡ ಸಹಿ ಹಾಕಿದಳು. ಅವರು ಗಮನಿಸಲಿಲ್ಲವೋ, ಗಮನಿಸಿ ಸುಮ್ಮನಾದರೋ. ಪಾರ್ಟ್ಸಿನ ದುಡ್ಡು ನೇರ ಸರ್ವಿಸ್ ಸೆಂಟರಿಗೆ ಕಟ್ಟಿದರು. ಈಗ ಬಾಗಿಲು ತೆಗೆದರೆ ಗುಯ್ ಅನ್ನುತ್ತದೆ.

ಲೇಬರು, ಟೋಯಿಂಗು ಸೇರಿ ನಮ್ಮ ಕೈಯಿಂದ ಹೋದದ್ದು 9,700. ಹೋಗಲಿ ಬಿಡೇ ಅಂತ ನಾನು. ದೂರು ಹಾಕಲು ಕಾಯ್ದೆ ಎರಡು ವರ್ಷ ಕೊಟ್ಟಿದೆ ಅಂತ ಅವಳು. ಇನ್ನೂ ಒಂದು ವರ್ಷ ನಾಲ್ಕು ತಿಂಗಳಿದೆ. ಅಡುಗೆಮನೆ ಕ್ಯಾಲೆಂಡರಿನಲ್ಲಿ ಗುರುತು ಹಾಕಿದ್ದಾಳೆ.