ಘಾಟಿ ಇಳಿಯುವ ಗೇರು

1984ರಲ್ಲಿ ಬಂದ ಮಾರುತಿ ಓಮ್ನಿಯ ತಯಾರಿಕೆ 2019ರಲ್ಲಿ ನಿಂತಿತು. ಹೊಳಲೂರು, ಭದ್ರಾವತಿ ಕಡೆಯ ದೊಡ್ಡ ಕುಟುಂಬಗಳು ಈಗ ಈಕೋ, ಎರ್ಟಿಗಾಗಳಲ್ಲಿ ಓಡಾಡುತ್ತವೆ. ಅಜ್ಜಿಯಿಂದ ಮೊಮ್ಮಕ್ಕಳವರೆಗೆ ಎಲ್ಲರೂ ಹತ್ತಿ, ತೀರ್ಥಹಳ್ಳಿ ದಾಟಿ ಉಡುಪಿಗೆ ಹೊರಟರೆ ಮುಂದೆ ಆಗುಂಬೆ ಘಾಟಿ: ಹದಿನಾಲ್ಕು ಕಡಿದಾದ ತಿರುವುಗಳು.

ಇಂಥ ಇಳಿಜಾರಿನಲ್ಲಿ ಬ್ರೇಕ್ ಪ್ಯಾಡ್ ಬೇಗ ಸವೆದರೆ ಮೊದಲು ಬೈಗುಳ ತಿನ್ನುವುದು ಪ್ಯಾಡ್ ಕಂಪನಿ. ಅದು ಪೂರ್ತಿ ನ್ಯಾಯವಲ್ಲ. ತುಂಬಿದ ವ್ಯಾನನ್ನು ನಾಲ್ಕನೇ ಗೇರಿನಲ್ಲಿ ಬಿಟ್ಟು, ಸೋಮೇಶ್ವರದವರೆಗೂ ಪೆಡಲ್ ಮೇಲೆ ಕಾಲಿಟ್ಟೇ ಇಳಿಸಿದರೆ ಅಷ್ಟೂ ಭಾರದ ವೇಗ ಪ್ಯಾಡಿನಲ್ಲಿ ಶಾಖವಾಗುತ್ತದೆ. ಕಾದ ಪ್ಯಾಡ್ ಬೇಗ ಸವೆಯುತ್ತದೆ, ಹಿಡಿತವನ್ನೂ ಕಳೆದುಕೊಳ್ಳುತ್ತದೆ. ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರುತ್ತದೆ. ಹಳೆಯದಾದಷ್ಟೂ ಕಡಿಮೆ ಶಾಖಕ್ಕೇ ಕುದಿದು, ಪೆಡಲ್ ಮೆತ್ತಗಾಗಿ ಕೆಳಗಿಳಿಯುತ್ತದೆ. ಅದು ಪ್ರಾಣಕ್ಕೇ ಕುತ್ತು ಬರುವ ಹೊತ್ತು.

ಪ್ಯಾಡ್ ಸವೆಯಲು ಮಲೆನಾಡಿನ ಮಳೆಯೂ ಕಾರಣ. ಕೆಸರು, ತೇವ ಸೇರಿ, ಪ್ಯಾಡನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರಿನ ಪಿನ್ ತುಕ್ಕು ಹಿಡಿದರೆ, ಕಾಲು ತೆಗೆದ ಮೇಲೂ ಪ್ಯಾಡ್ ಡಿಸ್ಕನ್ನು ಉಜ್ಜುತ್ತಲೇ ಇರುತ್ತದೆ. ಒಂದೇ ಚಕ್ರ ಹೆಚ್ಚು ಬಿಸಿಯಾಗುವುದು, ಗಾಡಿ ಒಂದು ಕಡೆಗೆ ಎಳೆಯುವುದು, ಒಂದೇ ಪ್ಯಾಡ್ ತೆಳುವಾಗುವುದು ಅದರ ಗುರುತು. ಆಗ ಬರೀ ಪ್ಯಾಡ್ ಬದಲಿಸಿದರೆ ದುಡ್ಡು ದಂಡ. ಪಿನ್ ಬಿಚ್ಚಿಸಿ, ಶುಚಿ ಮಾಡಿಸಿ, ಗ್ರೀಸ್ ಹಾಕಿಸಬೇಕು.

ಘಾಟಿ ಶುರುವಾಗುವ ಮೊದಲೇ ಎರಡನೇ ಗೇರಿಗೆ ಇಳಿಸಿ, ಎಂಜಿನ್ನೇ ಗಾಡಿಯನ್ನು ತಡೆಯಲಿ. ಮಕ್ಕಳನ್ನು ಕೂರಿಸಿಕೊಂಡು ಹೊರಡುವವರು ಮಳೆಗಾಲ ಮುಗಿದೊಡನೆ ನಾಲ್ಕೂ ಚಕ್ರ ಬಿಚ್ಚಿಸಿ ಬ್ರೇಕ್ ನೋಡಿಸಿಕೊಳ್ಳಿ.